ಮೊದಲ ಯೂನಿಟ್ಟು, ಕೊನೆಯ ಯೂನಿಟ್ಟು

ಪುಟ್ಟಿ, ನೀನು ಕಾಲೇಜಿಗೆಂದು ಬರೆದ ಲೆಕ್ಕವನ್ನು ಕೂತು ಓದಿದೆ. ನಮ್ಮ ಮನೆಯ ಕರೆಂಟ್ ಬಿಲ್ಲು, ಗ್ಯಾಸ್ ಸಿಲಿಂಡರು, ನಿಮ್ಮಪ್ಪನ ಕಾರು, ಬೇಸಿಗೆಯಲ್ಲಿ ತರಿಸಿದ ಟ್ಯಾಂಕರ್ ನೀರು, ಎಲ್ಲವನ್ನೂ ಸೇರಿಸಿ ಮನೆಯ ಪರಿಸರ ಹೆಜ್ಜೆಗುರುತು ತೆಗೆದಿದ್ದೀಯ. ಕೊನೆಯ ಪುಟದಲ್ಲಿ ‘ಅಭಿವೃದ್ಧಿಯೇ ಭೂಮಿಗೆ ಹೊರೆ’ ಅಂತ ಬರೆದು ಅಡಿಗೆರೆ ಬೇರೆ ಎಳೆದಿದ್ದೀಯ. ಲೆಕ್ಕ ಸರಿಯಾಗಿದೆ. ಆ ವಾಕ್ಯ ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದವನು ನಾನು. ಕೆ.ಇ.ಬಿ. ಹೋಗಿ ಕೆ.ಪಿ.ಟಿ.ಸಿ.ಎಲ್. ಬಂತು, ಆಮೇಲೆ ಬೆಸ್ಕಾಂ ಬಂತು. ಜನ ಮಾತ್ರ ಇವತ್ತಿಗೂ ಕೆ.ಇ.ಬಿ.ಯವರು ಅಂತಲೇ ಕರೆಯುತ್ತಾರೆ. ಆ ಕೆಲಸದಲ್ಲಿ ಕಣ್ಣಾರೆ ಕಂಡದ್ದನ್ನು ನಿನ್ನ ಕಿವಿಗೆ ಹಾಕುತ್ತೇನೆ, ಕೇಳು.

ಹೆಜ್ಜೆಗುರುತಿನ ಲೆಕ್ಕ ಹುಟ್ಟಿದ್ದು 1990ರ ದಶಕದ ಮೊದಲಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ವಿಲಿಯಂ ರೀಸ್ ಎಂಬ ಮೇಷ್ಟ್ರು, ಮ್ಯಾಥಿಸ್ ವಾಕರ್‌ನಾಗೆಲ್ ಎಂಬ ಅವರ ಶಿಷ್ಯ, ಇಬ್ಬರೂ ಸೇರಿ ಮಾಡಿದ್ದು. ಒಬ್ಬ ಮನುಷ್ಯನ ಊಟ ಬಟ್ಟೆ ಬೆಳೆಯಲು, ಮನೆ ಕಟ್ಟಲು, ಅವನು ಎಬ್ಬಿಸಿದ ಹೊಗೆಯನ್ನು ಹೀರಿಕೊಳ್ಳಲು ಎಷ್ಟು ನೆಲ, ಕಾಡು, ಕಡಲು ಬೇಕು ಎಂದು ಹೆಕ್ಟೇರಿನಲ್ಲಿ ಅಳೆಯುತ್ತಾರೆ. ನನಗೆ ಹೆಕ್ಟೇರು ತಲೆಗೆ ಹತ್ತುವುದಿಲ್ಲ, ಎಕರೆಯಲ್ಲೇ ಹೇಳುತ್ತೇನೆ. ಲೋಕದಲ್ಲಿರುವುದನ್ನೆಲ್ಲ ಸಮನಾಗಿ ಹಂಚಿದರೆ ತಲೆಗೆ ಬರುವುದು ನಾಲ್ಕು ಎಕರೆಗೂ ಕಮ್ಮಿ. ನಾವು ಭಾರತದವರು ಸರಾಸರಿ ಬಳಸುವುದು ಮೂರು ಎಕರೆಯ ಆಸುಪಾಸು. ಅಮೆರಿಕದವನದು ಹದಿನೇಳು ಎಕರೆಗೂ ಮೇಲೆ. ನಮ್ಮದು ಕಮ್ಮಿ ಅಂತ ಬೀಗಬೇಡ, ನಮ್ಮ ದೇಶದ ನೆಲ ನೀರು ಕೊಡಬಲ್ಲದ್ದು ತಲೆಗೆ ಒಂದು ಎಕರೆ ಚಿಲ್ಲರೆ ಮಾತ್ರ. ಇಡೀ ಲೋಕದ ಹೆಜ್ಜೆಗುರುತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಲ್ಲಿದ್ದಲು, ಎಣ್ಣೆ, ಗ್ಯಾಸು ಸುಟ್ಟ ಹೊಗೆಯದೇ. ಆದ್ದರಿಂದ ಕರೆಂಟಿನ ಮಾತನ್ನು ಬಿಟ್ಟು ಈ ವಿಷಯ ಆಡುವ ಹಾಗೇ ಇಲ್ಲ.

ಈಗ ನಿನ್ನ ಮುತ್ತಜ್ಜಿಯ ಹೆಜ್ಜೆಗುರುತು ಲೆಕ್ಕ ಹಾಕು ನೋಡೋಣ. ಆಗಿನ ನಮ್ಮ ಹೇರೋಹಳ್ಳಿಯಲ್ಲಿ ಕೆರೆ, ಅದರ ಕೆಳಗೆ ತೋಟ, ಮೇಲುಗಡೆ ರಾಗಿ ಹೊಲ. ಪಟ್ಟಣ ಅನ್ನುವುದು ಮಾಗಡಿ ರಸ್ತೆಯ ಆ ತುದಿಯಲ್ಲಿ ಎಲ್ಲೋ ಇತ್ತು. ನಮ್ಮವ್ವ ಕೋಳಿ ಕೂಗುವ ಮುಂಚೆ ಎದ್ದು ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂರುತ್ತಿದ್ದಳು. ಒಂದು ಕೈ ಗೂಟ ಹಿಡಿದು ತಿರುಗಿಸುವುದು, ಇನ್ನೊಂದು ಕೈ ಹಿಡಿ ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಬಿಡುವುದು. ಹೆಬ್ಬೆರಳಿನ ಬುಡದಲ್ಲಿ ಗೂಟ ಕೂತಿದ್ದ ಕಡೆ ಚರ್ಮ ದಪ್ಪಗಾಗಿ ಹೊಳೆಯುತ್ತಿತ್ತು. ಬೀಸಿ ಮುಗಿದ ಮೇಲೆ ಒಲೆ. ಪುಳ್ಳೆ, ತೊಗರಿ ಕಡ್ಡಿ, ಬೆರಣಿ. ಮಳೆಗಾಲದಲ್ಲಿ ನೆಂದ ಪುಳ್ಳೆ ಹತ್ತಿಕೊಳ್ಳದೆ ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಡವಾಗುತ್ತಿತ್ತು. ಸಂಜೆಗೆ ಸೀಮೆಎಣ್ಣೆ ಬುಡ್ಡಿ. ಅವಳು ತನ್ನ ಜೀವಮಾನದಲ್ಲಿ ಭೂಮಿಗೆ ಹೊರಿಸಿದ ಹೊರೆ, ನೀನು ನಿನ್ನ ಕಾಲೇಜು ಮುಗಿಸುವುದರೊಳಗೆ ಹೊರಿಸುವಷ್ಟೂ ಇರಲಾರದು.

ಅದನ್ನು ನೀನು ಹೊಗಳಬೇಡ. ಹಳೆಯ ಕಾಲದವರು ಪ್ರಕೃತಿಯ ಜೊತೆ ಹೊಂದಿಕೊಂಡು ಬಾಳಿದರು ಅಂತ ಭಾಷಣ ಮಾಡುವವರು ಒಂದು ಸೇರು ರಾಗಿಯನ್ನು ಬೀಸಿ ತೋರಿಸಲಿ, ಆಮೇಲೆ ಮಾತಾಡೋಣ. ಊರಿಗೆ ಕರೆಂಟು ಬಂದು, ಹಿಟ್ಟಿನ ಮಿಲ್ಲು ಬಂದ ದಿನ ನಮ್ಮವ್ವನ ಬೆಳಗ್ಗೆ ಅವಳದಾಯಿತು. ಮುಂದೆ ತಾವರೆಕೆರೆ ಆಚೆಯ ಹಳ್ಳಿಗಳಲ್ಲಿ ಭಾಗ್ಯಜ್ಯೋತಿ ಯೋಜನೆಯ ಒಂಟಿ ಬಲ್ಬುಗಳಿಗೆ ವೈರು ಎಳೆದಿದ್ದೇನೆ. ನಲವತ್ತು ವ್ಯಾಟಿನ ಬಲ್ಬು, ದಿನಕ್ಕೆ ನಾಲ್ಕು ತಾಸು ಉರಿದರೆ ತಿಂಗಳಿಗೆ ಐದು ಯೂನಿಟ್ಟೂ ಆಗುವುದಿಲ್ಲ. ಆ ಐದು ಯೂನಿಟ್ಟಿನ ಬೆಳಕಲ್ಲಿ ಓದಿದ ಹುಡುಗಿಯರು ಟೀಚರಾದರು, ನರ್ಸಾದರು. ಹೊರೆಯೇ ಅಲ್ಲದಷ್ಟು ಸಣ್ಣ ಹೊರೆಗೆ ಅಷ್ಟು ದೊಡ್ಡ ಫಲ.

ವಿಶ್ವಸಂಸ್ಥೆಯವರು 1990ರಿಂದ ಮಾನವ ಅಭಿವೃದ್ಧಿ ಸೂಚ್ಯಂಕ ಅಂತ ಕೊಡುತ್ತಾರಲ್ಲ, ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಮುಂದೆ ನಿಂತು, ನಮ್ಮ ಅಮರ್ತ್ಯ ಸೇನರು ಕೈಜೋಡಿಸಿ ಮಾಡಿದ್ದು, ಅದೂ ಇದನ್ನೇ ಹೇಳುತ್ತದೆ. ಆಯುಷ್ಯ, ಓದು, ವರಮಾನ ಮೂರನ್ನೂ ಸೇರಿಸಿ ದೇಶಗಳಿಗೆ ಅಂಕ. ಆ ಅಂಕವನ್ನು ತಲಾ ಕರೆಂಟಿನ ಎದುರಿಗೆ ಇಟ್ಟು ಗೆರೆ ಎಳೆದರೆ ಮೊದಲು ಕಡಿದಾದ ಏರು, ಆಮೇಲೆ ಮಟ್ಟಸ. ಅಮೆರಿಕದ ಅಲನ್ ಪಾಸ್ಟರ್ನಾಕ್ ಎಂಬುವರು 2000ದಲ್ಲಿ ಅರವತ್ತು ದೇಶಗಳ ಲೆಕ್ಕ ತೆಗೆದು, ವರ್ಷಕ್ಕೆ ತಲಾ 4,000 ಯೂನಿಟ್ಟಿನ ಹತ್ತಿರ ಏರು ಮುಗಿಯುತ್ತದೆ ಎಂದರು. ನಮ್ಮ ದೇಶದ ತಲಾ ಬಳಕೆ ಈಗ 1,400ರ ಹತ್ತಿರ. ಹಾಗಾದರೆ ನಾವೂ 4,000ಕ್ಕೆ ಓಡಬೇಕೇ? ಅವಸರ ಬೇಡ. ಪಕ್ಕದ ಶ್ರೀಲಂಕಾ ನಮಗಿಂತ ಕಮ್ಮಿ ಕರೆಂಟು ಬಳಸಿಯೂ ಆ ಅಂಕದಲ್ಲಿ ನಮಗಿಂತ ಬಹಳ ಮುಂದೆ ಇದೆ. ಕರೆಂಟು ಎಷ್ಟು ಎನ್ನುವುದರ ಜೊತೆಗೆ ಯಾರ ಮನೆಗೆ, ಯಾವ ಕೆಲಸಕ್ಕೆ ಎನ್ನುವುದೂ ಸೇರಿದರೇನೇ ಲೆಕ್ಕ ಪೂರ್ತಿ.

ಇದನ್ನು ನಮ್ಮ ಬೆಂಗಳೂರಿನವರೇ ಒಬ್ಬರು ಚೆನ್ನಾಗಿ ತಿಳಿದುಕೊಂಡಿದ್ದರು. ನಿನ್ನ ಪಠ್ಯದಲ್ಲಿ ಇದ್ದಾರೋ ಇಲ್ಲವೋ, ಅಮೂಲ್ಯ ಕೆ.ಎನ್. ರೆಡ್ಡಿ ಅಂತ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯುತ್ ರಸಾಯನಶಾಸ್ತ್ರದ ದೊಡ್ಡ ಹೆಸರು, ಆ ವಿಷಯಕ್ಕೆ ಅವರು ಬೋಕ್ರಿಸ್ ಜೊತೆ ಬರೆದ ಪುಸ್ತಕವನ್ನು ಲೋಕವೆಲ್ಲ ಓದಿದೆ. ಅಂಥವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುಮಾಡಿ, ಹಳ್ಳಿಗೆ ಬೇಕಾದ ವಿಜ್ಞಾನ ಯಾವುದು ಎಂದು ಹುಡುಕಲು ಹೊರಟರು. ಸೌದೆ ಉಳಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ನಮ್ಮ ಮನೆಯ ಮುಂದಿನ ಇದೇ ಮಾಗಡಿ ರಸ್ತೆ ಹಿಡಿದು ಹೋದರೆ ಮಾಗಡಿ, ಅದರಾಚೆ ಕುಣಿಗಲ್. ಆ ತಾಲ್ಲೂಕಿನ ಪುರ ಎಂಬ ಹಳ್ಳಿ ಅವರ ತಂಡಕ್ಕೆ ಪಾಠಶಾಲೆಯಾಯಿತು.

1977ರ ಸುಮಾರಿಗೆ ಅಲ್ಲಿ ಮನೆಮನೆ ಹೊಕ್ಕು, ಯಾವ ಕೆಲಸಕ್ಕೆ ಯಾವ ಶಕ್ತಿ ಎಷ್ಟು ಎಂದು ಅಳೆದರು. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಸೌದೆ. ಕರೆಂಟಿನ ಪಾಲು ನೂರರಲ್ಲಿ ಒಂದರ ಆಸುಪಾಸು. ಮಿಕ್ಕದ್ದರಲ್ಲಿ ಹೆಚ್ಚಿನದು ಮನುಷ್ಯರ ಮೈ, ಎತ್ತಿನ ಮೈ. ಆ ಮೈಗಳಲ್ಲಿ ಹೆಚ್ಚು ದುಡಿಯುತ್ತಿದ್ದವು ಹೆಂಗಸರವು, ಮಕ್ಕಳವು. ಸೌದೆ ತರುವುದು, ನೀರು ಹೊರುವುದು. ಮೊದಲು ಊರಿಗೆಲ್ಲ ಅಡುಗೆಗೆ ಸಗಣಿ ಗ್ಯಾಸು ಕೊಡೋಣ ಎಂದು ಹೊರಟರು. ಇದ್ದ ದನಗಳ ಸಗಣಿ ಎಲ್ಲ ಮನೆಯ ಒಲೆಗೂ ಸಾಲಲಿಲ್ಲ, ಅದು ಬಿದ್ದುಹೋಯಿತು. ಆಮೇಲೆ ಊರವರನ್ನೇ ಕೇಳಿದರು. ಅವರು ಕೇಳಿದ್ದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಲ್ಲಿ ಒಂದು ಸಣ್ಣ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ಊರೊಳಗಿನ ನಲ್ಲಿಗೆ ತಂದರು, ರಾತ್ರಿ ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ದುಡ್ಡು ಸಿಗುತ್ತಿತ್ತು, ಗೊಬ್ಬರ ವಾಪಸು ಹೊಲಕ್ಕೆ ಹೋಗುತ್ತಿತ್ತು. ಒಂದು ಸಣ್ಣ ಎಂಜಿನ್ ಒಂದು ಊರಿನ ಹೆಂಗಸರ ತಲೆಯ ಮೇಲಿನ ಕೊಡ ಇಳಿಸಿತು! ಭಾಷಣ ಕೇಳಿದಾಗೆಲ್ಲ ನನಗೆ ಈ ಎಂಜಿನ್ ನೆನಪಾಗುತ್ತದೆ.

ರೆಡ್ಡಿಯವರ ಮಾತಿನ ಸಾರ ಇಷ್ಟು: ಜನಕ್ಕೆ ಬೇಕಾದ್ದು ಕರೆಂಟಲ್ಲ; ಬೆಳಕು, ನೀರು, ಬೆಂದ ಅನ್ನ. ಅದನ್ನು ಅತಿ ಕಡಿಮೆ ಶಕ್ತಿಯಲ್ಲಿ ಕೊಡುವುದು ಹೇಗೆ ಎಂದು ಮೊದಲು ನೋಡು, ಹೊಸ ಸ್ಥಾವರ ಆಮೇಲೆ. ಬ್ರೆಜಿಲಿನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೋಹಾನ್ಸನ್, ಅಮೆರಿಕದ ವಿಲಿಯಮ್ಸ್ ಜೊತೆ ಸೇರಿ 1985ರಲ್ಲಿ ಒಂದು ಲೆಕ್ಕ ಮಂಡಿಸಿದರು. ಒಳ್ಳೆಯ ಯಂತ್ರ, ಒಳ್ಳೆಯ ಒಲೆ, ಒಳ್ಳೆಯ ದೀಪ ಬಳಸಿದರೆ ತಲಾ ಒಂದು ಕಿಲೋವಾಟ್ ಸಾಕು, 70ರ ದಶಕದ ಪಶ್ಚಿಮ ಯೂರೋಪಿನ ಮಟ್ಟದ ಬದುಕು ಸಿಗುತ್ತದೆ ಎಂದು. ಅಂದರೆ ಒಬ್ಬರಿಗೆ ದಿನಕ್ಕೆ 24 ಯೂನಿಟ್, ಸುಮಾರು ಎರಡೂವರೆ ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ. ನೆನಪಿಟ್ಟುಕೋ, ಇದು ಮನೆಯ ಮೀಟರಿನ ಲೆಕ್ಕ ಮಾತ್ರವಲ್ಲ. ಅಡುಗೆ, ಬಸ್ಸು, ಕಾರ್ಖಾನೆ, ಗದ್ದೆ ಎಲ್ಲ ಸೇರಿ.

ಕರ್ನಾಟಕಕ್ಕೂ ಅವರು ಅಂಥದ್ದೇ ಲೆಕ್ಕ ಹಾಕಿದರು. 1987ರಲ್ಲಿ ಸರ್ಕಾರದ ಸಮಿತಿ 2000ನೇ ಇಸವಿಗೆ ಇಷ್ಟು ಕರೆಂಟು ಬೇಕು, ಇಷ್ಟು ಸ್ಥಾವರ ಬೇಕು ಎಂದು ದೊಡ್ಡ ಪಟ್ಟಿ ಕೊಟ್ಟಿತ್ತು. ರೆಡ್ಡಿಯವರ ತಂಡ ಅದನ್ನು ಬಿಚ್ಚಿ ನೋಡಿ, ಬುರುಡೆ ಬಲ್ಬಿನ ಬದಲು ಟ್ಯೂಬಿನಂಥ ಪುಟ್ಟ ದೀಪ, ಗೀಸರಿನ ಬದಲು ಸೋಲಾರ್, ನೀರಾವರಿಯ ಐ.ಪಿ. ಸೆಟ್ಟುಗಳಿಗೆ ಸರಿಯಾದ ಪಂಪು ಹಾಕಿದರೆ, ರಾಜ್ಯದ ಎಲ್ಲ ಮನೆಗೂ ಕರೆಂಟು ಕೊಟ್ಟ ಮೇಲೂ ಬೇಕಾಗುವುದು ಆ ಪಟ್ಟಿಯ ಐದರಲ್ಲಿ ಎರಡು ಪಾಲು ಮಾತ್ರ ಎಂದು ತೋರಿಸಿತು. ಆಗ ಕೇಳಿದವರು ಕಮ್ಮಿ. ಆದರೂ ಇವತ್ತು ನಮ್ಮ ಟೆರೇಸಿನ ಮೇಲೆ ನಿಂತು ನೋಡು, ಸುಂಕದಕಟ್ಟೆಯಿಂದ ಬ್ಯಾಡರಹಳ್ಳಿಯವರೆಗೆ ಮನೆ ಮನೆಯ ನೆತ್ತಿಯ ಮೇಲೂ ಓರೆಯಾಗಿ ಮಲಗಿರುವ ಗಾಜು. 2007ರ ಹೊತ್ತಿಗೆ ಹೊಸ ಮನೆಗಳಿಗೆ ಸೋಲಾರ್ ಹೀಟರು ಕಡ್ಡಾಯವಾಯಿತು, ಬಿಲ್ಲಿನಲ್ಲಿ ರಿಯಾಯಿತಿಯೂ ಬಂತು. ಈ ಊರಿನ ಬೆಳಗಿನ ಸ್ನಾನದ ನೀರಿಗೆ ಬಿಸಿಲೇ ಸೌದೆ. ಇದೂ ಅಭಿವೃದ್ಧಿಯೇ, ಆ ನಿನ್ನ ಅಡಿಗೆರೆಯ ವಾಕ್ಯಕ್ಕೆ ಇದು ಹೊಂದುವುದಿಲ್ಲ.

ಇದುವರೆಗೆ ಹೇಳಿದ್ದು ಬದುಕು ಬದಲಿಸುವ ಮೊದಲ ಯೂನಿಟ್ಟಿನ ಮಾತು. ಇನ್ನು ಕೊನೆಯ ಯೂನಿಟ್ಟಿಗೆ ಬರೋಣ.

ನಮ್ಮ ರಸ್ತೆಯ ತಿರುವಿನ ಟಿ.ಸಿ., ಅದೇ ಟ್ರಾನ್ಸ್‌ಫಾರ್ಮರು, ನೋಡಿದ್ದೀಯಲ್ಲ. ಅಲ್ಲಿ ಮೊದಲು 63 ಕೆ.ವಿ.ಎ.ಯದು ಕೂತಿತ್ತು. ಆಮೇಲೆ 100 ಆಯಿತು, ಈಗ 250. ಮನೆ ಹೆಚ್ಚಾದವು, ಒಪ್ಪುತ್ತೇನೆ. ಒಂದೇ ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ, ಪೀಣ್ಯದ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಒಂದು ಕೋಣೆ, ಒಂದು ಫ್ಯಾನು, ಒಂದು ಮಿಕ್ಸಿ. ಅವರ ಯೂನಿಟ್ಟಿನ ಮೇಲೆ ಕಣ್ಣು ಹಾಕುವವನು ನಾನಲ್ಲ. ನಾನು ಹೇಳುವುದು ಮೇಲೆ ಸೋಲಾರ್ ಕೂತಿದ್ದರೂ ಕೆಳಗೆ ಮೂರು ಬಚ್ಚಲಿಗೆ ಮೂರು ಗೀಸರ್ ಇರುವ ಮನೆಯ ವಿಷಯ. ಎಲ್.ಇ.ಡಿ. ಅಗ್ಗವಾಯಿತು ಎಂದು ಕಾಂಪೌಂಡಿನ ಸುತ್ತ ಬೆಳಗಿನ ತನಕ ಉರಿಯುವ ಬಣ್ಣದ ಸರದ ವಿಷಯ. ಇಂಗ್ಲೆಂಡಿನ ಜೆವನ್ಸ್ 1865ರಲ್ಲೇ ಹೇಳಿದ್ದ: ಎಂಜಿನ್ನು ಕಡಿಮೆ ಕಲ್ಲಿದ್ದಲು ತಿನ್ನುವಂತಾದರೆ ಜನ ಎಂಜಿನ್ನನ್ನೇ ಹೆಚ್ಚು ಬಳಸುತ್ತಾರೆ, ಒಟ್ಟು ಕಲ್ಲಿದ್ದಲು ಇಳಿಯುವುದಿಲ್ಲ ಎಂದು. ನಮ್ಮ ರಸ್ತೆಗೆ ಒಂದು ಸಲ ಬಂದು ನೋಡಿದ್ದರೆ ಅವನಿಗೆ ಪುಸ್ತಕ ಬರೆಯುವ ಕಷ್ಟ ತಪ್ಪುತ್ತಿತ್ತು.

ಉಚಿತ ಕರೆಂಟಿನ ಗೃಹಜ್ಯೋತಿ ಬಗ್ಗೆ ನಿನಗೂ ನನಗೂ ವಾದ ಇದ್ದದ್ದೇ. 2023ರ ಆಗಸ್ಟಿನಿಂದ ಸೊನ್ನೆ ಬಿಲ್ಲು ಬಂತು. ಬಾಡಿಗೆ ಮನೆಯ ಸಂಸಾರಕ್ಕೆ ಅದರಿಂದ ಉಳಿದ ದುಡ್ಡು ಮಗುವಿನ ಫೀಸಿಗೆ ಹೋಗಿದೆ, ನಾನು ಅದರ ಪರವೇ. ಹಿಂದಿನ ವರ್ಷದ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ಎಂದು ಮಿತಿ ಕಟ್ಟಿದ್ದರಲ್ಲ, ಅದರಲ್ಲಿ ಮೊದಲೇ ಹಿಡಿತದಲ್ಲಿ ಬಳಸಿದವನಿಗೆ ಕಮ್ಮಿ, ಧಾರಾಳವಾಗಿ ಸುಟ್ಟವನಿಗೆ ಹೆಚ್ಚು ಸಿಕ್ಕಿತು. ಆ ಎಣಿಕೆ ನನಗೆ ರುಚಿಸಲಿಲ್ಲ. ಅದು ಹಾಗಿರಲಿ. ಬಿಲ್ಲು ಸೊನ್ನೆಯಾದರೆ ಹೊರೆ ಸೊನ್ನೆಯಾಗುವುದಿಲ್ಲ ಎನ್ನುವುದು ನಿನಗೆ ಗೊತ್ತಿರಲಿ. ಕಲ್ಲಿದ್ದಲಿನ ಕರೆಂಟು ಒಂದು ಯೂನಿಟ್ಟಿಗೆ ಮುಕ್ಕಾಲು ಕೆ.ಜಿ.ಯ ಆಸುಪಾಸು ಕಲ್ಲಿದ್ದಲು ಕೇಳುತ್ತದೆ. ನಮ್ಮ ದೇಶದ ಕಲ್ಲಿದ್ದಲಲ್ಲಿ ಮೂರನೇ ಒಂದು ಪಾಲು ಬೂದಿಯೇ. ರಾತ್ರಿಯೆಲ್ಲ ಒಂದು ಎ.ಸಿ. ಆರು ಯೂನಿಟ್ ತಿಂದರೆ, ಬೆಳಗಾಗುವುದರೊಳಗೆ ಯಾರದೋ ಊರಿನಲ್ಲಿ ಒಂದೂವರೆ ಕೆ.ಜಿ. ಬೂದಿ ಬಿದ್ದಿರುತ್ತದೆ.

ಯಾರದೋ ಊರು ಎಂದೆನಲ್ಲ, ಅದು ರಾಯಚೂರಿನ ಶಕ್ತಿನಗರ. 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಅದಕ್ಕೂ ಮೊದಲು ಬೆಂಗಳೂರಿಗೆ ಕರೆಂಟು ಕೊಟ್ಟದ್ದು ಕಾವೇರಿ, 1905ರಲ್ಲಿ; ಅದೂ ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋದ ಮೇಲೆ. ಆಮೇಲೆ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿಸಿದಾಗ ಮಲೆನಾಡಿನ ಎಷ್ಟೋ ಊರು, ತೋಟ, ಗದ್ದೆ ಮುಳುಗಿದವು. ಆ ಮುಳುಗಡೆ ಸಂತ್ರಸ್ತರು ತಮಗೆ ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದವರು ಲಾಂಚಿನಲ್ಲಿ ದಾಟುತ್ತಿದ್ದರು. ಸಿಗಂದೂರಿನ ಸೇತುವೆ ಅವರಿಗೆ ಸಿಕ್ಕಿದ್ದು 2025ರ ಜುಲೈಯಲ್ಲಿ, ಅರವತ್ತು ವರ್ಷ ಕಳೆದ ಮೇಲೆ. ಅವರ ನೀರಿನಿಂದ ನಮ್ಮ ಬೀದಿ ಬೆಳಗಿತು, ಅವರ ದಡ ಕತ್ತಲಲ್ಲಿತ್ತು. ಈಗ ಅದೇ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಎನ್ನುತ್ತಿದ್ದಾರೆ, ಸಿಂಗಳೀಕದ ಕಾಡಿನ ನಡುವೆ. ಹಗಲಿನ ಸೋಲಾರ್ ಕರೆಂಟನ್ನು ರಾತ್ರಿಗೆ ಕೂಡಿಡಲು ಅಂಥದ್ದು ಬೇಕೆನ್ನುವುದು ಸುಳ್ಳಲ್ಲ. ಆದರೆ ರಾತ್ರಿಯ ಬೇಡಿಕೆ ಯಾವುದು, ಎಷ್ಟು ಎಂದು ಕೇಳದೆ ಕಾಡಿಗೆ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಸೋಲಾರ್ ಅಂದರೆ ಹೊರೆಯೇ ಇಲ್ಲ ಎಂದು ನಿನ್ನ ಗೆಳತಿ ಹೇಳಿದಳಲ್ಲ, ಅವಳನ್ನು ಪಾವಗಡಕ್ಕೆ ಕರೆದುಕೊಂಡು ಹೋಗು. 2,050 ಮೆಗಾವಾಟ್, 13,000 ಎಕರೆ, ತಿರುಮಣಿ ಸುತ್ತಿನ ಐದು ಊರುಗಳ ನೆಲ. ಒಳ್ಳೆಯದು ಏನೆಂದರೆ ಸರ್ಕಾರ ಆ ನೆಲವನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ಕಾಣದ ಸೀಮೆಯ ರೈತನಿಗೆ ಅದು ಸಣ್ಣ ದುಡ್ಡಲ್ಲ. ನೆಲವಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೆ ಗುತ್ತಿಗೆ ಹಣ ಬರುವುದಿಲ್ಲ, ಕೂಲಿಯೂ ಹೋಯಿತು. ಅವನ ಹೆಸರು ನಿಮ್ಮ ಹೆಜ್ಜೆಗುರುತಿನ ಯಾವ ಅಂಕಣದಲ್ಲೂ ಬರುವುದಿಲ್ಲ.

ನೀನು ನೀರನ್ನು ಲೀಟರಿನಲ್ಲಿ ಮಾತ್ರ ಎಣಿಸಿದ್ದೀಯ, ಅದು ಅರ್ಧ ಲೆಕ್ಕ. ನಮಗೆ ಹತ್ತಿರದ ಜಲಾಶಯ ತಿಪ್ಪಗೊಂಡನಹಳ್ಳಿ, 1933ರದು, ಇದೇ ಮಾಗಡಿ ರಸ್ತೆಯ ಕಡೆ. ಅರ್ಕಾವತಿ ಬತ್ತಿ, ಹರಿದು ಬಂದದ್ದರಲ್ಲಿ ಕೊಳಚೆ ಬೆರೆತು ಅದು ಕುಡಿಯಲು ಬಾರದಂತಾಯಿತು. ಆದ್ದರಿಂದ ನೂರು ಕಿಲೋಮೀಟರ್ ದೂರದ ಕಾವೇರಿ. ತೊರೆಕಾಡನಹಳ್ಳಿ, ಹಾರೋಹಳ್ಳಿ (ನಮ್ಮೂರಲ್ಲ, ಕನಕಪುರ ರಸ್ತೆಯದು), ತಾತಗುಣಿ, ಹೀಗೆ ಮೂರು ಕಡೆ ಪಂಪು ಹೊಡೆದು ಒಟ್ಟು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸುತ್ತಾರೆ. ಸಾವಿರ ಲೀಟರನ್ನು ಅಷ್ಟು ಎತ್ತಲು ಶಾಸ್ತ್ರದ ಪ್ರಕಾರವೇ 1.36 ಯೂನಿಟ್ ಬೇಕು. ಪಂಪು, ಮೋಟಾರಿನಲ್ಲಿ ಸೋರಿದ್ದು ಸೇರಿದರೆ ಎರಡರ ಹತ್ತಿರ ಹೋಗುತ್ತದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಬರುವ ಏರ್ಪಾಡಾಯಿತು. ಗುಣಿಸಿ ನೋಡು, ದಿನಕ್ಕೆ ಹತ್ತು ಲಕ್ಷ ಯೂನಿಟ್ಟಿಗೆ ಕಮ್ಮಿ ಬರುವುದಿಲ್ಲ. ಅದು ಬರಬಾರದಿತ್ತು ಎನ್ನುತ್ತಿಲ್ಲ, ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾದವರಿಗೆ ಗೊತ್ತು ಅದರ ಬೆಲೆ. ಆ ನೀರಿನಲ್ಲಿ ಕಾರು ತೊಳೆಯುವವನನ್ನು ಕಂಡರೆ ಮಾತ್ರ ಸುಮ್ಮನಿರಬೇಡ. ಅವನು ಚೆಲ್ಲುತ್ತಿರುವುದರಲ್ಲಿ ನೀರೂ ಇದೆ, ಕಲ್ಲಿದ್ದಲೂ ಇದೆ. ನಮ್ಮ ಹೇರೋಹಳ್ಳಿ ಕೆರೆಯಂಥವು ಕೊಳಚೆಯಿಂದ ಉಳಿದರೆ ಸುತ್ತಲ ಬೋರಿನ ನೀರು ಮೇಲೆ ನಿಲ್ಲುತ್ತದೆ, ಅಷ್ಟು ಆಳದಿಂದ ಎತ್ತುವ ಕರೆಂಟು ಉಳಿಯುತ್ತದೆ. ಕೆರೆಯ ಕೆಲಸಕ್ಕೆ ಹೋಗುವವರ ಜೊತೆ ನೀನೂ ಸೇರಿಕೋ.

ಇನ್ನು ಮೆಟ್ರೋ. 2024ರ ಆಗಸ್ಟಿನಲ್ಲಿ ಕೇಂದ್ರ ಒಪ್ಪಿದ ಮೂರನೇ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ ಹನ್ನೆರಡೂವರೆ ಕಿಲೋಮೀಟರ್, ನಮ್ಮ ಹೇರೋಹಳ್ಳಿಯಲ್ಲೂ ಒಂದು ನಿಲ್ದಾಣ. ಮರ ಕಡಿಯುತ್ತಾರೆ ಎಂದು ನಿನ್ನ ಸ್ನೇಹಿತರು ವಿರೋಧ ಮಾಡುತ್ತಾರೆ, ಮಾಡಲಿ. ಒಂದೊಂದು ಮರಕ್ಕೂ ಲೆಕ್ಕ ಕೇಳಲಿ. ರೈಲನ್ನೇ ಬೇಡವೆನ್ನಬೇಡಿ. ಸುಮನಹಳ್ಳಿ ಜಂಕ್ಷನ್ನಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಎಂಜಿನ್ ಆರಿಸದೆ ನಿಂತ ಗಾಡಿಗಳ ಸಾಲು ನೋಡಿದರೆ ನೀನೂ ಒಪ್ಪುತ್ತೀಯ. ರೈಲು ಬರುವ ತನಕ ಬಿ.ಎಂ.ಟಿ.ಸಿ. ಇದೆ. ನಿಮ್ಮಪ್ಪನ ಕಿವಿಗೂ ಇದನ್ನು ಹಾಕು, ನಾನು ಹೇಳಿದರೆ ಅವನು ಕೇಳುವುದಿಲ್ಲ.

ಕೊನೆಗೆ ನಿನ್ನ ಪ್ರಾಜೆಕ್ಟಿನ ವಿಷಯ. ಫ್ಯಾನು ಆರಿಸಿ, ದೀಪ ಆರಿಸಿ ಎಂದು ಪೋಸ್ಟರ್ ಅಂಟಿಸುವುದು ಹೈಸ್ಕೂಲ್ ಮಕ್ಕಳ ಕೆಲಸ, ನೀನು ಎಲೆಕ್ಟ್ರಿಕಲ್ ಓದುತ್ತಿರುವವಳು. ಸುಂಕದಕಟ್ಟೆ, ಹೆಗ್ಗನಹಳ್ಳಿ ಕಡೆ ಗಲ್ಲಿ ಗಲ್ಲಿಯಲ್ಲಿ ಲೇತು, ಪ್ರೆಸ್ಸು, ಪೌಡರ್ ಕೋಟಿಂಗಿನ ಸಣ್ಣ ಶೆಡ್ಡುಗಳಿವೆ. ಮೋಟಾರ್ ಸುಟ್ಟಾಗಲೆಲ್ಲ ರೀವೈಂಡಿಂಗ್ ಮಾಡಿಸಿ ಅದನ್ನೇ ಓಡಿಸುತ್ತಾರೆ. ಹೊಸ ಮೋಟಾರಿಗೆ ದುಡ್ಡು ಬೇಕಲ್ಲ. ನಾಲ್ಕು ಸಲ ಸುತ್ತಿಸಿದ ಮೋಟಾರಿನ ಮೈ ಮುಟ್ಟಿ ನೋಡು, ಕೈ ಸುಡುತ್ತದೆ. ಆ ಬಿಸಿಯೆಲ್ಲ ಯಾರಿಗೂ ಉಪಯೋಗವಾಗದೆ ಹೋದ ಕರೆಂಟು. ಹತ್ತು ಶೆಡ್ಡು ಹೊಕ್ಕು ಯಾವ ಮೋಟಾರ್ ಎಷ್ಟು ಎಳೆಯುತ್ತಿದೆ, ಎಷ್ಟು ಎಳೆಯಬೇಕಿತ್ತು, ಬದಲಿಸಿದರೆ ಎಷ್ಟು ತಿಂಗಳಲ್ಲಿ ದುಡ್ಡು ವಾಪಸು ಎಂದು ಪಟ್ಟಿ ಮಾಡು. ಪುರದಲ್ಲಿ ಅವರು ಮಾಡಿದಂತೆ, ಮನೆಮನೆ ಹೊಕ್ಕು. ಕರೆಂಟು ಅಳೆಯುವ ನನ್ನ ಟಾಂಗ್ ಟೆಸ್ಟರ್ ಬೀರುವಿನಲ್ಲಿದೆ, ಸೆಲ್ ಹಾಕಿಸಿಕೊಂಡು ಒಯ್ಯಿ. ಪರಿಸರ, ಹೆಜ್ಜೆಗುರುತು ಎಂದು ಬಾಗಿಲಲ್ಲಿ ಶುರುಮಾಡಿದರೆ ಅವರಿಗೆ ಪುರುಸೊತ್ತಿರುವುದಿಲ್ಲ. ತಿಂಗಳ ಬಿಲ್ಲು ಇಳಿಸುವ ದಾರಿ ನೋಡಲು ಬಂದಿದ್ದೇನೆ ಎನ್ನು, ಸ್ಟೂಲು ಹಾಕಿ ಕೂರಿಸಿ ಟೀ ತರಿಸುತ್ತಾರೆ.